ರೇಡಿಯೇಟರ್‌ಗೆ ದಿನಾ ನೀರು ಹಾಕ್ತೀರಾ? ಲಾರಿ ಎಂಜಿನ್ ಕೆಡೋದು ಅಲ್ಲಿಂದಲೇ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಕೇಳುತ್ತಾ ಓದಬಹುದು, ಗಾಡಿ ಪಕ್ಕದಲ್ಲಿ ನಿಂತು ಒಂದೊಂದೇ ಹಂತ ನೋಡುತ್ತಾ ಕೆಲಸವನ್ನೂ ಮಾಡಬಹುದು.)



ಇವತ್ತು ಡೀಸೆಲ್ ಲಾರಿಯ ಎಂಜಿನ್ ಬಗ್ಗೆ ಮಾತಾಡೋಣ. ಕೆಟ್ಟ ಮೇಲೆ ರಿಪೇರಿ ಮಾಡೋದರ ಬಗ್ಗೆ ಅಲ್ಲ, ಕೆಡೋಕೆ ಮುಂಚೆ ಮನೆ ಅಂಗಳದಲ್ಲೇ ಏನು ಮಾಡಬಹುದು ಅನ್ನೋದರ ಬಗ್ಗೆ. "ನನ್ನ ಹತ್ರ ಲಾರಿ ಇಲ್ವಲ್ಲ" ಅಂತ ಮುಂದಕ್ಕೆ ಹೋಗಬೇಡಿ. ನಿಮ್ಮ ಮಾವನ ಪಿಕಪ್, ಅಣ್ಣನ ಟ್ರ್ಯಾಕ್ಟರ್, ಪಕ್ಕದ ಮನೆಯವರ ಟೆಂಪೋ, ಎಲ್ಲದರ ಹೊಟ್ಟೆಯಲ್ಲೂ ಇರೋದು ಇದೇ ಕಥೆ.

ನಮ್ಮ ಕಥೆ ಶುರುವಾಗೋದು ಗಳಗನಾಥದಲ್ಲಿ. ಹಾವೇರಿ ಜಿಲ್ಲೆ, ಗುತ್ತಲದಿಂದ ಮುಂದೆ, ತುಂಗಭದ್ರೆಗೆ ವರದಾ ಬಂದು ಸೇರುವ ಊರು. ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ನೋಡೋಕೆ ಬಂದವರಿಗೆ ಈ ಊರು ಗೊತ್ತು. ಸಾಹಿತ್ಯ ಓದಿದವರಿಗೆ ಕಾದಂಬರಿಕಾರ ಗಳಗನಾಥರ ಊರು ಅಂತ ಗೊತ್ತು. ನನಗೆ ಮಾತ್ರ ಇದು ನಮ್ಮ ಕಾಕಾನ ಲಾರಿ ನಿಲ್ಲುವ ಊರು.

ಬ್ಯಾಡಗಿ ದಾರಿಯಲ್ಲಿ ನಿಂತ ಗಾಡಿ

ಮೆಣಸಿನಕಾಯಿ ಸೀಸನ್ ಅಂದ್ರೆ ನಮ್ಮ ಕಡೆ ಲಾರಿ ಇಟ್ಟವರಿಗೆ ವರ್ಷದ ದುಡಿಮೆಯ ಕಾಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೂ ಬ್ಯಾಡಗಿ ಮಾರುಕಟ್ಟೆ ಕೆಂಪಾಗಿರುತ್ತದೆ. ಸೋಮವಾರ, ಗುರುವಾರ ಟೆಂಡರ್. ಹಿಂದಿನ ರಾತ್ರಿಯೇ ಮಾಲು ತಲುಪಬೇಕು. ಆವಾಗ ದುಡಿದ ಗಾಡಿ ಉಳಿದ ತಿಂಗಳುಗಳ ಕಂತು ತೀರಿಸುತ್ತದೆ.

ಮಾರ್ಚ್ ತಿಂಗಳು. ಕಾಕಾನ ಗಾಡಿ ಗುತ್ತಲ ದಾಟಿ, ಹಾವೇರಿ ಮೇಲೆ ಹೆದ್ದಾರಿ 48 ಹಿಡಿದು, ಮೋಟೆಬೆನ್ನೂರಿನ ಹತ್ತಿರ ಬಂದಿತ್ತು. ಅಲ್ಲಿಂದ ಬ್ಯಾಡಗಿ ಕಣ್ಣಳತೆ ದೂರ. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು, ಮುಂದಿನಿಂದ ಹಬೆ ಎದ್ದಿತು, ಗಾಡಿ ನಿಂತಿತು. ಮಾಲು ಬೇರೆ ಗಾಡಿಗೆ ಹೇರಿ ಕಳಿಸಿದರು. ಬಾಡಿಗೆ ಹೋಯಿತು. ಆಮೇಲೆ ಗ್ಯಾರೇಜಿನಲ್ಲಿ ಎಂಜಿನ್ ಹೆಡ್ ಬಿಚ್ಚಿದಾಗ ಗೊತ್ತಾಯಿತು: ಗ್ಯಾಸ್ಕೆಟ್ ಸುಟ್ಟಿದೆ, ಹೆಡ್ ಬಾಗಿದೆ.

ಮೆಕ್ಯಾನಿಕ್ ಟಾರ್ಚ್ ಹಿಡಿದು ಎಂಜಿನ್ ಒಳಗೆ ನೀರು ಓಡಾಡುವ ದಾರಿ ತೋರಿಸಿದ. ಬಚ್ಚಲ ಹಂಡೆ ಒಳಗೆ ಬೆಳ್ಳಗೆ ಕಲ್ಲಿನ ಹಾಗೆ ಕಟ್ಟಿರುತ್ತಲ್ಲ, ಅದೇ! ಬೆರಳು ಹೋಗಬೇಕಾದ ದಾರಿಯಲ್ಲಿ ಪೆನ್ಸಿಲ್ ಹೋಗೋದೂ ಕಷ್ಟ.

"ನೀರು ಬದಲಿ ಮಾಡಿದ್ದು ಯಾವಾಗ್ರೀ ಕಾಕಾ?" ಅಂದ.

"ದಿನಾ ಮುಂಜಾನೆ ಹಾಕತೇವಲ್ಲಪಾ, ಒಂದಿನಾನೂ ತಪ್ಪಿಸಿಲ್ಲ."

"ಹಾಕೋದು ಬ್ಯಾರೆ, ಬದಲಿ ಮಾಡೋದು ಬ್ಯಾರೆ."

ಇವತ್ತಿನ ಸಂಚಿಕೆ ಇಷ್ಟೇ ನೋಡಿ. ಕಾಕಾ ಗಾಡಿಯನ್ನು ಅಲಕ್ಷ್ಯ ಮಾಡಿರಲಿಲ್ಲ. ದಿನಾ ನೋಡಿಕೊಂಡಿದ್ದರು. ಆ ದಿನದಿನದ ಆರೈಕೆಯೇ ಎಂಜಿನ್ ಕೆಡಿಸಿತ್ತು. ಯಾಕೆ ಅಂತ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಡೀಸೆಲ್ ಎಂಜಿನ್‌ಗೆ ಇಷ್ಟು ಬಿಸಿ ಯಾಕೆ?

ಬೈಕಿನ ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುತ್ತೆ. ಕಿಡಿ ಹಾರಿ ಇಂಧನ ಹೊತ್ತಿಕೊಳ್ಳುತ್ತೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಹದಿನಾರು, ಹದಿನೆಂಟು ಪಟ್ಟು ಚಿಕ್ಕ ಜಾಗಕ್ಕೆ ಅದುಮುತ್ತೆ. ಸೈಕಲ್ ಪಂಪ್ ಜೋರಾಗಿ ಹೊಡೆದಾಗ ತುದಿ ಬಿಸಿಯಾಗೋದು ನೋಡಿದ್ದೀರಲ್ಲ, ಹಾಗೇ. ಅದುಮಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆಗ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್‌ನ ಮೂಲ ಉಪಾಯ ಇದು. ಇವತ್ತಿನ ಲಾರಿಯಲ್ಲೂ ಇರೋದು ಅದೇ.

ಉರಿಯುವ ಹೊತ್ತಿಗೆ ಒಳಗಿನ ಅನಿಲದ ಬಿಸಿ 2000 ಡಿಗ್ರಿಯ ಆಸುಪಾಸಿಗೆ ಹೋಗುತ್ತೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಹಾಗಿದ್ರೆ ಅಲ್ಯೂಮಿನಿಯಂ ಪಿಸ್ಟನ್ ಯಾಕೆ ಕರಗಲ್ಲ? ಯಾಕಂದ್ರೆ ಆ ಬಿಸಿಯನ್ನು ಕ್ಷಣಕ್ಷಣಕ್ಕೂ ಆಯಿಲ್ ಮತ್ತು ನೀರು ಹೊತ್ತುಕೊಂಡು ಹೊರಗೆ ಹಾಕ್ತಾ ಇರ್ತವೆ.

ನೀವು 100 ರೂಪಾಯಿ ಡೀಸೆಲ್ ಹಾಕಿದರೆ ಸುಮಾರು 35ರಿಂದ 40 ರೂಪಾಯಿ ಮಾತ್ರ ಗಾಡಿ ಎಳೆಯೋಕೆ ಹೋಗುತ್ತೆ. ಉಳಿದದ್ದು ಬಿಸಿಯಾಗಿ ಹೋಗುತ್ತೆ: ಒಂದು ಪಾಲು ಸೈಲೆನ್ಸರ್‌ನಿಂದ, ಇನ್ನೊಂದು ಪಾಲು ರೇಡಿಯೇಟರ್‌ನಿಂದ. ರೇಡಿಯೇಟರ್ ತನ್ನ ಕೆಲಸ ಮಾಡದಿದ್ದರೆ ಆ ಬಿಸಿ ಎಂಜಿನ್ ಒಳಗೇ ಉಳಿಯುತ್ತೆ.

ಹಂಡೆಯ ಲೆಕ್ಕ

ಈಗ ಕಾಕಾನ ಎಂಜಿನ್ ಒಳಗೆ ಕಟ್ಟಿದ್ದ ಬಿಳಿ ಕಲ್ಲಿಗೆ ಬರೋಣ. ಬೋರ್‌ವೆಲ್ ನೀರಿನಲ್ಲಿ, ಹೊಳೆ ನೀರಿನಲ್ಲಿ ಸಹ, ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕಣ್ಣಿಗೆ ಕಾಣಲ್ಲ. ನೀರು ಕಾದು ಆವಿಯಾದಾಗ ನೀರಷ್ಟೇ ಹೋಗುತ್ತೆ, ಲವಣ ಅಲ್ಲೇ ಕೂರುತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣ ಇದ್ದರೆ ಒಳ್ಳೆಯ ನೀರು. ಬೇರೆ ನೀರೇ ಸಿಗದಿದ್ದರೆ 2000 ಮಿಲಿಗ್ರಾಂವರೆಗೂ ಕುಡಿಯಬಹುದು. ಅಂದ್ರೆ ಇದು ಕುಡಿಯೋಕೆ ಯೋಗ್ಯವಾದ ನೀರಿನ ಮಾತು. ದಿನಕ್ಕೆ ಅರ್ಧ ಲೀಟರ್ ಆವಿಯಾಗಿ ಹೋಗಿ, ಅಷ್ಟನ್ನೇ ನೀವು ತುಂಬಿಸ್ತಾ ಹೋದರೆ ವರ್ಷಕ್ಕೆ ಸುಮಾರು 180 ಲೀಟರ್. ಒಳ್ಳೆಯ ನೀರಾದರೆ 90 ಗ್ರಾಂ ಲವಣ ಒಳಗೆ ಉಳಿಯಿತು. ಸವಳು ನೀರಾದರೆ 360 ಗ್ರಾಂ. ಎರಡು ಮೂರು ವರ್ಷ ಹೀಗೇ ನಡೆದರೆ ಒಂದು ಕೇಜಿ ಕಲ್ಲುಪುಡಿಯನ್ನು ನಾವೇ ಕೈಯಾರೆ ಎಂಜಿನ್‌ಗೆ ತಿನ್ನಿಸಿದ ಹಾಗೆ.

ಆ ಪದರ ಬಿಸಿಯನ್ನು ದಾಟಿಸೋದು ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ. ಕಲ್ಲು ಕಟ್ಟಿದ ಹಂಡೆಗೆ ಕಟ್ಟಿಗೆ ಜಾಸ್ತಿ ಬೇಕು ಅಂತ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಒಳಗಿನ ನೀರಿಗೆ ಬಿಸಿ ತಲುಪಲ್ಲ, ಹೊರಗಿನ ಲೋಹ ಕಾಯ್ತಾನೇ ಇರುತ್ತೆ. ಎಂಜಿನ್‌ನಲ್ಲೂ ಅದೇ ಆಗುತ್ತೆ.

ಇನ್ನೂ ಒಂದು ಮಾತು. ಸರಿಯಾಗಿರುವ ಗಾಡಿಯಲ್ಲಿ ನೀರು ದಿನಾ ಕಡಿಮೆಯಾಗಬಾರದು. ಅದು ಮುಚ್ಚಿದ ವ್ಯವಸ್ಥೆ. ದಿನಾ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರ್ತಿದೆ, ಇಲ್ಲವೇ ಕುದೀತಿದೆ ಅಂತಲೇ ಅರ್ಥ. ನಾವು ಅದನ್ನು ರೂಢಿ ಅಂತ ತಿಳಿದುಕೊಂಡಿದ್ದೇವೆ.

ಕೂಲಂಟ್ ಅಂದ್ರೆ ಬಣ್ಣದ ನೀರಲ್ಲ

"ಕೂಲಂಟ್ ಅಂದ್ರ ಬಣ್ಣದ ನೀರು, ರೊಕ್ಕ ಕೀಳಾಕ ಮಾಡ್ಯಾರ" ಅನ್ನೋ ಮಾತು ಕೇಳಿರ್ತೀರಿ. ಅದು ಮಾಡುವ ಕೆಲಸ ನಾಲ್ಕು.

ಒಂದು, ಕುದಿಯೋದನ್ನು ಮುಂದೂಡುತ್ತೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತೆ. ಅರ್ಧ ಇಥಿಲೀನ್ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ಸುಮಾರು 107 ಡಿಗ್ರಿಗೆ. ಇದರ ಮೇಲೆ ರೇಡಿಯೇಟರ್ ಕ್ಯಾಪ್ ಇದೆಯಲ್ಲ, ಅದು ಪ್ರೆಶರ್ ಕುಕ್ಕರ್ ಮುಚ್ಚಳದ ಹಾಗೆ ಒತ್ತಡ ಹಿಡಿದಿಡುತ್ತೆ. ಕ್ಯಾಪ್ 0.9 ಬಾರ್ ಒತ್ತಡ ಹಿಡಿದರೆ ಬರೀ ನೀರು ಸುಮಾರು 118 ಡಿಗ್ರಿವರೆಗೆ, ಕೂಲಂಟ್ ಮಿಶ್ರಣ 125ರ ಆಸುಪಾಸಿನವರೆಗೆ ಕುದಿಯಲ್ಲ. ಏಪ್ರಿಲ್ ಬಿಸಿಲಲ್ಲಿ ಲೋಡ್ ಹೊತ್ತು ಏರು ಹತ್ತುವಾಗ ಆ ನಾಲ್ಕಾರು ಡಿಗ್ರಿಯೇ ಗಾಡಿ ಉಳಿಸುತ್ತೆ.

ಎರಡು, ತುಕ್ಕು ತಡೆಯುತ್ತೆ. ಮೂರು, ವಾಟರ್ ಪಂಪಿನ ಸೀಲ್ ಒಣಗದ ಹಾಗೆ ನೋಡಿಕೊಳ್ಳುತ್ತೆ. ನಮ್ಮ ಗ್ಯಾರೇಜುಗಳಲ್ಲಿ ವಾಟರ್ ಬಾಡಿ ಅಂತಾರಲ್ಲ, ಅದೇ.

ನಾಲ್ಕನೆಯದು ಹೆಚ್ಚು ಜನರಿಗೆ ಗೊತ್ತಿಲ್ಲ. ಕೆಲವು ಲಾರಿ ಎಂಜಿನ್‌ಗಳಲ್ಲಿ ಸಿಲಿಂಡರ್ ಲೈನರ್‌ನ ಹೊರಮೈಗೆ ನೇರವಾಗಿ ನೀರು ತಾಗುತ್ತೆ. ಡೀಸೆಲ್ ಹೊತ್ತಿಕೊಂಡಾಗೆಲ್ಲ ಲೈನರ್ ಗಂಟೆ ಹೊಡೆದ ಹಾಗೆ ಅದುರುತ್ತೆ. ಆ ಅದುರಿಗೆ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಲೋಹದ ಮೇಲೆ ಒಡೆಯುತ್ತವೆ. ಒಂದೊಂದು ಗುಳ್ಳೆಯೂ ಸಣ್ಣ ಸುತ್ತಿಗೆ ಪೆಟ್ಟು. ಲಕ್ಷಾಂತರ ಪೆಟ್ಟು ಬಿದ್ದ ಮೇಲೆ ಲೈನರ್‌ನಲ್ಲಿ ಸೂಜಿಮೊನೆಯಂಥ ತೂತುಗಳು. ಆಮೇಲೆ ನೀರು ಒಳಗೆ, ಆಯಿಲ್ ಕೆಟ್ಟಿತು, ಬೋರ್ ಕೆಲಸ ಬಂತು. ಡೀಸೆಲ್ ಎಂಜಿನ್‌ಗೆ ಅಂತಲೇ ಮಾಡಿದ ಕೂಲಂಟ್‌ನಲ್ಲಿರುವ ರಾಸಾಯನಿಕ ಲೈನರ್ ಮೇಲೆ ತೆಳುವಾದ ಪೊರೆ ಕಟ್ಟಿ ಈ ಪೆಟ್ಟನ್ನು ತಾಳಿಕೊಳ್ಳುತ್ತೆ. ಬರೀ ನೀರಿಗೆ ಆ ಶಕ್ತಿ ಇಲ್ಲ, ಎಷ್ಟೇ ಶುದ್ಧವಾಗಿದ್ದರೂ.

ಅಂಗಳದಲ್ಲೇ ಒಂದು ದಿನದ ಕೆಲಸ

ದೊಡ್ಡ ಕಂಪನಿಗಳು ಈ ಕೆಲಸಕ್ಕೆ ಸ್ವಂತ ವರ್ಕ್‌ಶಾಪ್ ಇಟ್ಟಿರುತ್ತವೆ. ಗದಗಿನಲ್ಲಿ 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿದ ವಿಆರ್‌ಎಲ್ ಇವತ್ತು ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ತನ್ನ ಗಾಡಿಗಳನ್ನು ತಾನೇ ನೋಡಿಕೊಳ್ಳುತ್ತೆ. ಒಂದೇ ಗಾಡಿ ಇರುವವರಿಗೆ ವರೂರು ಎಲ್ಲಿಂದ ಬರಬೇಕು? ನಮಗೆ ಅಂಗಳವೇ ವರ್ಕ್‌ಶಾಪ್.

ಯಾವಾಗ ಮಾಡಬೇಕು? ನನ್ನ ಸಲಹೆ: ಖಂಡೇ ಪೂಜೆಯ ಹಿಂದಿನ ದಿನ. ಹೇಗೂ ಅವತ್ತು ಗಾಡಿ ನಿಂತಿರುತ್ತೆ, ತೊಳೀತೀವಿ, ಮಾಲೆ ಹಾಕ್ತೀವಿ, ಟೈರ್ ಕೆಳಗೆ ನಿಂಬೆಹಣ್ಣು ಇಡ್ತೀವಿ. ದಸರೆ ಮುಗಿದ ಕೂಡಲೇ ಗೋವಿನಜೋಳದ ಸೀಸನ್, ಅದರ ಬೆನ್ನಿಗೇ ಮೆಣಸಿನಕಾಯಿ. ದುಡಿಮೆ ಶುರುವಾಗೋಕೆ ಮುಂಚೆ ಇದಕ್ಕಿಂತ ಒಳ್ಳೆಯ ದಿನ ಸಿಗಲ್ಲ. ಇಬ್ಬರು ಇದ್ದರೆ ಒಂದು ಹಗಲಿನ ಕೆಲಸ.

ಬೇಕಾಗುವ ಸಾಮಾನು: ಪಾನಾ ಸೆಟ್, ಸ್ಕ್ರೂಡ್ರೈವರ್, ದೊಡ್ಡ ಬುಟ್ಟಿ ಅಥವಾ ಟಬ್, ಮುಚ್ಚಳವಿರುವ ಹಳೇ ಕ್ಯಾನ್, ಗಾಡಿಯ ಪುಸ್ತಕದಲ್ಲಿ ಹೇಳಿರುವ ಕೂಲಂಟ್, ಡಿಸ್ಟಿಲ್ಡ್ ನೀರು, ಹೊಸ ಹೋಸ್ ಕ್ಲಿಪ್‌ಗಳು. ಕೈಗೆ ಗ್ಲೌಸ್ ಇರಲಿ.

ಮೊದಲನೇ ಹಂತ, ತಣ್ಣಗಾಗಲಿ. ಹಿಂದಿನ ರಾತ್ರಿಯೇ ಗಾಡಿ ನಿಲ್ಲಿಸಿ. ಬಿಸಿ ಎಂಜಿನ್ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ವಿಷಲ್ ಹೊಡೆಯುವ ಕುಕ್ಕರ್ ಮುಚ್ಚಳ ತೆಗೆದ ಹಾಗಾಗುತ್ತೆ. ಮುಖ, ಕೈ ಸುಟ್ಟುಕೊಂಡ ಡ್ರೈವರ್‌ಗಳು ಪ್ರತಿ ಊರಲ್ಲೂ ಸಿಗ್ತಾರೆ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಕ್ಯಾಬಿನ್ ಮೇಲೆತ್ತುವ ಗಾಡಿಯಾದರೆ ಅದರ ಲಾಕ್ ಕೂತಿದೆಯಾ ಅಂತ ಎರಡು ಸಲ ನೋಡಿ. ಆಮೇಲೆ ಅದರ ಕೆಳಗೆ ತಲೆ ಹಾಕಿ.

ಎರಡನೇ ಹಂತ, ಹಳೇ ನೀರು ನೋಡಿ. ಕೆಳಗೆ ಟಬ್ ಇಟ್ಟು ರೇಡಿಯೇಟರ್‌ನ ತಳದ ನಲ್ಲಿ ಬಿಚ್ಚಿ. ಎಂಜಿನ್ ಬ್ಲಾಕ್‌ಗೂ ಒಂದು ಡ್ರೈನ್ ಪ್ಲಗ್ ಇರುತ್ತೆ. ಅದನ್ನು ಬಿಟ್ಟರೆ ಅರ್ಧ ಹಳೇ ನೀರು ಒಳಗೇ ಉಳಿಯುತ್ತೆ. ಬಂದ ನೀರನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ನೋಡಿ. ಇಟ್ಟಿಗೆ ಬಣ್ಣ ಇದ್ದರೆ ತುಕ್ಕು. ಮೇಲೆ ಎಣ್ಣೆ ಜಿಡ್ಡು ತೇಲ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಮೆಕ್ಯಾನಿಕ್ ನೋಡಬೇಕಾದ ಗಾಡಿ.

ಮೂರನೇ ಹಂತ, ತೊಳೆಯೋದು. ಸಾದಾ ಶುದ್ಧ ನೀರು ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣ್ಣಗಾಗೋಕೆ ಬಿಟ್ಟು, ಹೊರಬಿಡಿ. ತಿಳಿನೀರು ಬರುವವರೆಗೆ ಎರಡು ಮೂರು ಸಲ ಮಾಡಿ. ಕಾಸ್ಟಿಕ್ ಸೋಡಾ, ಬಾತ್‌ರೂಮ್ ಆ್ಯಸಿಡ್ ಹಾಕಿದರೆ ಬೇಗ ಕ್ಲೀನ್ ಆಗುತ್ತೆ ಅಂತ ಹೇಳುವವರಿದ್ದಾರೆ. ಕಲ್ಲಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರನ್ನೂ ಅದು ತಿಂದುಹಾಕುತ್ತೆ. ಬೇಡ. ಗಟ್ಟಿಯಾಗಿ ಕಲ್ಲು ಕಟ್ಟಿದ್ದರೆ ರೇಡಿಯೇಟರ್ ಕೆಲಸದವರ ಹತ್ತಿರ ಬಿಚ್ಚಿ ಕೊಡಿ.

ನಾಲ್ಕನೇ ಹಂತ, ಕೈಯಿಂದ ಪರೀಕ್ಷೆ. ಹೋಸ್ ಪೈಪ್‌ಗಳನ್ನು ಹಿಸುಕಿ. ಬೆಂದ ಬದನೆಕಾಯಿ ಹಾಗೆ ಮೆತ್ತಗಾಗಿದ್ದರೆ, ಕ್ಲಿಪ್ ಹತ್ತಿರ ಉಬ್ಬಿದ್ದರೆ, ಮಡಚಿದಾಗ ಬಿರುಕು ಕಂಡರೆ ಬದಲಾಯಿಸಿ. ಬೆಲ್ಟ್ ಮೇಲೆ ಹೆಬ್ಬೆರಳು ಒತ್ತಿ. ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ಒಳಗೆ ಹೋಗಬೇಕು. ನಿಮ್ಮ ಗಾಡಿಯ ಅಳತೆ ಪುಸ್ತಕದಲ್ಲಿ ಇರುತ್ತೆ. ವಾಟರ್ ಪಂಪ್ ಕೆಳಗೆ ಒಂದು ಚಿಕ್ಕ ತೂತು ಇರುತ್ತೆ. ಅದನ್ನು ಬೇಕಂತಲೇ ಬಿಟ್ಟಿರುತ್ತಾರೆ, ಒಳಗಿನ ಸೀಲ್ ಹೋದರೆ ಅಲ್ಲಿಂದ ನೀರು ಹನಿಯಲಿ ಅಂತ. ಅಲ್ಲಿ ಕಲೆ ಕಂಡರೆ ಪಂಪ್ ರಜೆ ಕೇಳ್ತಿದೆ ಅಂತ ಅರ್ಥ. ಎಂ-ಸೀಲ್ ಹಚ್ಚಿ ಆ ತೂತು ಮುಚ್ಚಿಬಿಟ್ಟರೆ ನೀರು ಬೇರಿಂಗ್ ಕಡೆ ಹೋಗುತ್ತೆ.

ಕ್ಯಾಪಿನ ರಬ್ಬರ್ ನೋಡಿ. ಕುಕ್ಕರ್ ರಬ್ಬರ್ ಗಟ್ಟಿಯಾದಾಗ ಹಬೆ ಹೋಗುತ್ತಲ್ಲ, ಇಲ್ಲೂ ಅಷ್ಟೇ. ಕಡಿಮೆ ಬೆಲೆಯ ಈ ಕ್ಯಾಪ್ ಒಂದು ಹಾಳಾದರೆ ದಿನಾ ನೀರು ಕಡಿಮೆಯಾಗೋದು ಶುರು.

ಐದನೇ ಹಂತ, ಥರ್ಮೋಸ್ಟಾಟ್. ಎಂಜಿನ್ ಹದವಾದ ಬಿಸಿಗೆ ಬರುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಬಾಗಿಲು ಇದು. ಬಿಚ್ಚಿ, ಹಳೇ ಡಬ್ಬಿಯಲ್ಲಿ ನೀರು ಹಾಕಿ, ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಅಂತ ಬರೆದಿದ್ದರೆ ಆ ಡಿಗ್ರಿಯ ಸುಮಾರಿಗೆ ಬಾಯಿ ತೆರೆಯೋಕೆ ಶುರು ಮಾಡಬೇಕು. ಕುದಿಯುವ ನೀರಲ್ಲೂ ತೆರೆಯದಿದ್ದರೆ ಹೊಸದು ಹಾಕಿ. ನಮ್ಮ ಕಡೆ "ತಗದ ಒಗದುಬಿಡು, ತಂಪ ಇರತೈತಿ" ಅಂತಾರೆ. ತೆಗೆದರೆ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ. ಕೆಲವು ಎಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚೋದೇ ಇಲ್ಲ. ಒಂದಿಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತಿ ಗಾಡಿ ಇನ್ನೂ ಬಿಸಿಯಾಗುತ್ತೆ.

ಆರನೇ ಹಂತ, ರೇಡಿಯೇಟರ್‌ನ ಹೊರಮೈ. ಗೋವಿನಜೋಳದ ಹೊಟ್ಟು, ಮೆಣಸಿನಕಾಯಿ ಸಿಪ್ಪೆ, ಹುಳ, ಧೂಳು ಜಾಲರಿಯಲ್ಲಿ ತುಂಬಿ ಗಾಳಿ ನುಗ್ಗೋದೇ ನಿಂತಿರುತ್ತೆ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನಿಂದ ಮೆತ್ತಗೆ ನೀರು ಬಿಡಿ. ವಾಷಿಂಗ್ ಸೆಂಟರ್‌ನ ಜೋರು ಪಂಪ್ ಹತ್ತಿರದಿಂದ ಹೊಡೆದರೆ ತೆಳುವಾದ ಜಾಲರಿ ಮಡಚಿಹೋಗುತ್ತೆ.

ಏಳನೇ ಹಂತ, ತುಂಬೋದು. ಕೂಲಂಟ್ ಎರಡು ಥರ ಸಿಗುತ್ತೆ: ಹಾಗೇ ಹಾಕುವಂಥದ್ದು, ನೀರು ಬೆರೆಸಬೇಕಾದದ್ದು. ಡಬ್ಬಿ ಓದಿ. ಬೆರೆಸೋದಾದರೆ ಡಿಸ್ಟಿಲ್ಡ್ ನೀರೇ ಆಗಬೇಕು. ಬೇರೆ ಬೇರೆ ಕೂಲಂಟ್ ಸೇರಿಸಬೇಡಿ. ಬಣ್ಣ ಒಂದೇ ಆದ ಮಾತ್ರಕ್ಕೆ ಒಳಗಿನದು ಒಂದೇ ಅಲ್ಲ. ನಿಧಾನವಾಗಿ ಸುರಿಯಿರಿ, ಒಳಗೆ ಗಾಳಿ ಸಿಕ್ಕಿಕೊಳ್ಳಬಾರದು. ಕ್ಯಾಪ್ ತೆಗೆದಿಟ್ಟೇ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟರೆ ಗುಳ್ಳೆಗಳು ಹೊರಬರುತ್ತವೆ, ಮಟ್ಟ ಇಳಿಯುತ್ತೆ. ಮತ್ತೆ ತುಂಬಿ ಮುಚ್ಚಿ. ಈ ಕೆಲಸ ಬಯಲಲ್ಲೇ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆ ವಿಷ. ಮರುದಿನ ಮುಂಜಾನೆ ತಣ್ಣಗಿರುವಾಗ ಇನ್ನೊಮ್ಮೆ ಮಟ್ಟ ನೋಡಿ.

ಕೊನೆಗೆ ಫೋನಿನಲ್ಲಿ ಒಂದು ಫೋಟೋ ತೆಗೆದು, ದಿನಾಂಕ ಮತ್ತು ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಯಾವಾಗ ಅನ್ನೋದನ್ನು ಗಾಡಿಯ ಪುಸ್ತಕ ಹೇಳುತ್ತೆ. ಎಷ್ಟು ದಿನ ಆಯಿತು ಅನ್ನೋದನ್ನು ನಿಮ್ಮ ಫೋನ್ ಹೇಳಬೇಕು.

ಆ ಹಳೇ ನೀರು ಎಲ್ಲಿಗೆ?

ಟಬ್‌ನಲ್ಲಿರುವ ಹಳೇ ಕೂಲಂಟ್ ಏನು ಮಾಡೋದು? ಗಟಾರಕ್ಕೆ ಸುರಿಯೋದು ಸುಲಭ. ಗಳಗನಾಥದಲ್ಲಿ ಗಟಾರದ ನೀರು ಹೋಗಿ ಸೇರೋದು ಹೊಳೆಗೆ. ಅದೇ ತುಂಗಭದ್ರೆಯ ನೀರನ್ನು ಮುಂದಿನ ಊರುಗಳು ಕುಡಿಯುತ್ತವೆ.

ಇಥಿಲೀನ್ ಗ್ಲೈಕಾಲ್ ರುಚಿ ಸಿಹಿ, ಆದರೆ ವಿಷ. ಟಬ್ ತೆರೆದು ಬಿಟ್ಟು ಚಹಾ ಕುಡಿಯೋಕೆ ಹೋದರೆ ನಾಯಿ, ಕರು, ಮಗು ಯಾರಾದರೂ ಬಾಯಿ ಹಾಕಬಹುದು. ಸಣ್ಣ ಪ್ರಮಾಣವೇ ಕಿಡ್ನಿ ಕೆಡಿಸೋಕೆ ಸಾಕು. ಕ್ಯಾನ್‌ಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ವಿಷ ಅಂತ ಬರೆದು, ಹಳೇ ಕೂಲಂಟ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ. ಬಳಸಿದ ಎಂಜಿನ್ ಆಯಿಲ್ ಕೂಡ ಹಾಗೆಯೇ. ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಅದೂ ಸೇರಿದೆ.

ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ

ಮೂರು ವಿಷಯ ಹೇಳಿಬಿಡ್ತೀನಿ.

ಮೊದಲನೆಯದು, ಡೀಸೆಲ್ ಪೈಪ್. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಒತ್ತಡ 1600 ಬಾರ್, ಕೆಲವದರಲ್ಲಿ ಅದಕ್ಕೂ ಹೆಚ್ಚು. ಲಾರಿ ಟೈರಿನ ಗಾಳಿಯ 200 ಪಟ್ಟು! ಸೋರಿಕೆ ಹುಡುಕೋಕೆ ಬೆರಳು ಹಿಡಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತೆ, ಒಳಗೆ ಕೈಯೇ ಕೊಳೆಯಬಹುದು. ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಡೀಸೆಲ್ ಫಿಲ್ಟರ್ ತಳದ ನೀರು ಬಿಡುವ ಸ್ಕ್ರೂ ಬೇರೆ, ಎಂಜಿನ್ ಆಫ್ ಇದ್ದಾಗ ಅದನ್ನು ನೀವೇ ತಿರುಗಿಸಬಹುದು. ಇಂಜೆಕ್ಟರ್‌ಗೆ ಹೋಗುವ ಸ್ಟೀಲ್ ಪೈಪ್‌ಗೆ ಪಾನಾ ಹಚ್ಚಬೇಡಿ.

ಎರಡನೆಯದು, ಯೂರಿಯಾ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಲಾರಿಗಳಲ್ಲಿ ಬಹುಪಾಲಿಗೆ ಹೊಗೆ ಶುದ್ಧ ಮಾಡೋಕೆ ಡೆಫ್ ದ್ರವ ಬೇಕು. ಅದರಲ್ಲಿ 32.5 ಶೇಕಡಾ ಯೂರಿಯಾ ಇರುತ್ತೆ. "ಮನ್ಯಾಗ ಯೂರಿಯಾ ಚೀಲ ಐತಲ್ಲ, ನೀರಾಗ ಕಲಸಿದ್ರಾತು" ಅನ್ನೋ ಉಪಾಯ ಹಳ್ಳಿಗಳಲ್ಲಿ ಓಡಾಡ್ತಿದೆ. 2015ರಿಂದ ಹೊಲದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪನ ಇದೆ, ಬೇರೆ ಕಲ್ಮಶಗಳೂ ಇವೆ. ಅವು ಪಂಪ್, ನಾಝಲ್, ದುಬಾರಿ ಕ್ಯಾಟಲಿಸ್ಟ್ ಎಲ್ಲವನ್ನೂ ಕಟ್ಟಿಹಾಕುತ್ತವೆ. ಜೊತೆಗೆ ಸಬ್ಸಿಡಿ ಯೂರಿಯಾವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸೋದು ಅಪರಾಧ.

ಮೂರನೆಯದು, ಈ ಲಕ್ಷಣ ಕಂಡರೆ ಗಾಡಿ ಓಡಿಸಬೇಡಿ: ಆಯಿಲ್ ಕಡ್ಡಿ ತೆಗೆದಾಗ ಹಾಲು ಹಾಕಿದ ಚಹಾದ ಬಣ್ಣ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಹೊರಗೆಲ್ಲೂ ಸೋರದೆ ಕಡಿಮೆಯಾಗುವ ಕೂಲಂಟ್, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕಲ್ಲಿನ ಹಾಗೆ ಗಟ್ಟಿಯಾಗುವ ಹೋಸ್. ಇವೆಲ್ಲ ಸಿಲಿಂಡರ್ ಮತ್ತು ನೀರಿನ ನಡುವಿನ ಗೋಡೆ ಒಡೆದಿರುವ ಗುರುತು. ಈ ಹಂತದಲ್ಲಿ ನಿಲ್ಲಿಸಿದರೆ ಗ್ಯಾಸ್ಕೆಟ್ ಕೆಲಸದಲ್ಲಿ ಮುಗಿಯಬಹುದು. "ಇದೊಂದು ಟ್ರಿಪ್ ಮುಗಿಸಿ ನೋಡೂಣು" ಅಂದರೆ ಎಂಜಿನ್ನೇ ಹೋಗಬಹುದು.

ದಾರಿಯಲ್ಲಿ ಮುಳ್ಳು ಏರಿದರೆ

ಲೋಡ್ ಇದೆ, ಏರು ಇದೆ, ಮುಳ್ಳು ಏರ್ತಿದೆ. ಗಾಬರಿ ಬೇಡ. ಎಸಿ ಇದ್ದರೆ ಆಫ್ ಮಾಡಿ, ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ. ಹಬೆ ಇಲ್ಲ, ನೀರು ಚೆಲ್ಲಿಲ್ಲ, ಆಯಿಲ್ ದೀಪ ಹತ್ತಿಲ್ಲ ಅಂದರೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಫ್ಯಾನ್ ಮತ್ತು ಪಂಪ್ ಬಿಸಿ ಎಳೆದು ಹಾಕುತ್ತವೆ. ಮುಳ್ಳು ಇಳಿಯದಿದ್ದರೆ, ಹಬೆ ಬರ್ತಿದ್ದರೆ, ತಕ್ಷಣ ಆಫ್. ಆಮೇಲೆ ಕಾಯಿರಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಕಾದ ಹೆಂಚಿಗೆ ನೀರು ಬಿದ್ದ ಹಾಗೆ, ಹೆಡ್ ಬಿರುಕು ಬಿಡುತ್ತೆ. ಗತಿಯಿಲ್ಲದೆ ದಾರಿಯಲ್ಲಿ ಸಿಕ್ಕ ನೀರು ಹಾಕಿದರೆ ತಪ್ಪಲ್ಲ, ಎಂಜಿನ್ ತಣ್ಣಗಾದ ಮೇಲೆ ಹಾಕಿ. ಮನೆ ತಲುಪಿದ ಮೇಲೆ ಅದನ್ನು ತೆಗೆದು ಕೂಲಂಟ್ ಹಾಕೋದನ್ನು ಮಾತ್ರ ಮರೆಯಬೇಡಿ.

ಕಾಕಾನ ಗಾಡಿ ಏನಾಯ್ತು ಅಂತ ಕೇಳ್ತೀರಿ ಅಲ್ವಾ? ಹೆಡ್ ಸರಿ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದರು. ಸೀಸನ್ ಅಷ್ಟರಲ್ಲಿ ಮುಗಿದಿತ್ತು, ಕಂತಿಗೆ ಕಾಕಿಯ ಬಂಗಾರ ಅಡವಿಟ್ಟರು. ಆ ವರ್ಷದ ದಸರೆಗೆ ನಾನು ಊರಿಗೆ ಹೋದಾಗ ಅಂಗಳದಲ್ಲಿ ಟಬ್ ಇಟ್ಟು, ಲುಂಗಿ ಮೇಲಕ್ಕೆ ಕಟ್ಟಿ, ಹೋಸ್ ಹಿಸುಕಿ ನೋಡ್ತಾ ಕೂತಿದ್ದರು. ಈಗಲೂ ದಿನಾ ಮುಂಜಾನೆ ರೇಡಿಯೇಟರ್ ಹತ್ತಿರ ಹೋಗ್ತಾರೆ. ಕೈಯಲ್ಲಿ ಚೊಂಬು ಇರಲ್ಲ. ಮಟ್ಟ ನೋಡ್ತಾರೆ, ಅಷ್ಟೇ ಐತಿ ಅಂತ ಹೇಳಿ ಚಹಾಕ್ಕೆ ಬರ್ತಾರೆ.

ನಿಮ್ಮ ಮನೆಯಲ್ಲಿ ದಿನಾ ಮುಂಜಾನೆ ಚೊಂಬು ಹಿಡಿದು ಗಾಡಿ ಹತ್ತಿರ ಹೋಗುವವರು ಯಾರಾದರೂ ಇದ್ದರೆ ಈ ಸಂಚಿಕೆಯನ್ನು ಅವರಿಗೆ ವಾಟ್ಸ್‌ಆ್ಯಪ್ ಮಾಡಿ. ಓದೋಕೆ ಪುರುಸೊತ್ತಿಲ್ಲ ಅಂದ್ರೆ ಸ್ಟೇರಿಂಗ್ ಹಿಡಿದೇ ಕೇಳಬಹುದು.